ತೋಟದ ನಾಯಿಗೆ ಕ್ಯಾನ್ಸರ್ ಗಡ್ಡೆಯೇ? ಮನುಷ್ಯರ ಹಳೇ ಔಷಧಿಯೇ ಉಳಿಸಬಹುದು, ಆದರೆ ವಾಟ್ಸಾಪ್ ಡೋಸ್ ಬೇಡ

ತೋಟ ಕಾಯೋ ನಾಯಿ ಮಲಗಿ ಎದ್ದ ಜಾಗದಲ್ಲಿ ಎರಡು ಹನಿ ರಕ್ತ. ಗಂಡು ನಾಯಿಯಾದರೆ 'ಎಲ್ಲೋ ಕಚ್ಚಾಡಿಕೊಂಡು ಬಂದಿದೆ' ಅಂತೀವಿ. ಹೆಣ್ಣಾದರೆ 'ಬೆದೆಗೆ ಬಂದಿರಬೇಕು' ಅಂತ ಸುಮ್ಮನಾಗ್ತೀವಿ. ತಿಂಗಳಾದರೂ ರಕ್ತ ನಿಲ್ಲಲ್ಲ. ಬಗ್ಗಿ ನೋಡಿದರೆ ಜನನಾಂಗದ ಹತ್ತಿರ ಹೂಕೋಸಿನ ಥರ ಕೆಂಪು ಗಡ್ಡೆ. ಆಗ ಮೊಬೈಲ್ ತೆಗೆದು ಹುಡುಕ್ತೀವಿ. 'ಜಂತುಹುಳು ಮಾತ್ರೆ ಕೊಡಿ, ಕ್ಯಾನ್ಸರ್ ಮಾಯ' ಅನ್ನೋ ವಿಡಿಯೋ ಮೊದಲು ಸಿಗುತ್ತೆ.

ಸ್ವಲ್ಪ ತಡೀರಿ. ಈ ಗಡ್ಡೆಗೆ ಒಳ್ಳೆ ಔಷಧಿ ಇದೆ. ಅದು ಆ ವಿಡಿಯೋದಲ್ಲಿರೋ ಮಾತ್ರೆ ಅಲ್ಲ.

ಇದು ಯಾವ ಗಡ್ಡೆ?

ಬೀದಿ ಮತ್ತು ತೋಟದ ನಾಯಿಗಳಲ್ಲಿ ಹೆಚ್ಚಾಗಿ ಕಾಣೋ ಈ ಕ್ಯಾನ್ಸರನ್ನು ಪಶುವೈದ್ಯರು 'ಟಿವಿಟಿ' ಅಂತಾರೆ. ಇದು ವಿಚಿತ್ರ ಕಾಯಿಲೆ. ಇಲ್ಲಿ ಹರಡೋದು ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾನೂ ಅಲ್ಲ, ಕ್ಯಾನ್ಸರ್ ಜೀವಕೋಶಗಳೇ. ಕೂಡುವಾಗ, ಮೂಸುವಾಗ, ನೆಕ್ಕುವಾಗ ಅವು ಒಂದು ನಾಯಿಯಿಂದ ಇನ್ನೊಂದಕ್ಕೆ ಹೋಗಿ ಬೇರೂರುತ್ತವೆ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಗಡ್ಡೆ ಹೀಗೇ ದಾಟುತ್ತಾ ಇವತ್ತಿಗೂ ಬದುಕಿದೆ. ಮೂಗು, ಬಾಯಿಯಲ್ಲೂ ಬರಬಹುದು. ಮನುಷ್ಯರಿಗಾಗಲಿ, ದನಗಳಿಗಾಗಲಿ ಇದು ಅಂಟಲ್ಲ.

ಅಂಗಳದ ಹೂವಿನಿಂದ ಬಂದ ಔಷಧಿ

ಇದಕ್ಕೆ ಕೊಡೋ ಇಂಜೆಕ್ಷನ್ ಹೆಸರು ವಿನ್‌ಕ್ರಿಸ್ಟಿನ್. ನಮ್ಮ ಮನೆ ಮುಂದೆ ವರ್ಷವಿಡೀ ಹೂ ಬಿಡೋ ನಿತ್ಯಪುಷ್ಪ, ಅಂದರೆ ಕಾಶಿ ಕಣಗಿಲೆ ಗಿಡದಲ್ಲಿ ಇರೋ ಅಂಶ ಇದು. ಅಮೆರಿಕದಲ್ಲಿ 1963ರಲ್ಲಿ ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಮಕ್ಕಳ ರಕ್ತಕ್ಯಾನ್ಸರ್‌ಗೆ ಇವತ್ತಿಗೂ ಇದು ಮುಖ್ಯ ಔಷಧಿ.

ಅದೇ ಔಷಧಿಯನ್ನು ಪಶುವೈದ್ಯರು ನಾಯಿಗಳ ಟಿವಿಟಿಗೆ ಕೊಟ್ಟು ನೋಡಿದರು. ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ, ಈಗ ಎಲ್ಲ ಕಡೆ ಇದೇ ಮೊದಲ ಚಿಕಿತ್ಸೆ. ವಾರಕ್ಕೊಂದು ಇಂಜೆಕ್ಷನ್, ಸಾಮಾನ್ಯವಾಗಿ 4ರಿಂದ 6 ವಾರ. ಎರಡು-ಮೂರು ಇಂಜೆಕ್ಷನ್ ಆಗುವಷ್ಟರಲ್ಲಿ ರಕ್ತ ನಿಲ್ಲುತ್ತೆ, ಗಡ್ಡೆ ಕುಗ್ಗುತ್ತೆ. ಹೆಚ್ಚಿನ ನಾಯಿಗಳು ಪೂರ್ತಿ ಗುಣ ಆಗ್ತವೆ. ಔಷಧಿ ಹಳೇದಾದ್ದರಿಂದ ಹಲವು ಕಂಪನಿಗಳು ತಯಾರಿಸ್ತವೆ. ಹಾಗಾಗಿ ಹೊಸ ಕ್ಯಾನ್ಸರ್ ಔಷಧಿಗಳಷ್ಟು ದುಬಾರಿಯೂ ಅಲ್ಲ.

ಹಾಗಂತ ಎಲೆ ಅರೆದು ಕುಡಿಸಬೇಡಿ. ಒಂದು ಗ್ರಾಂ ಔಷಧಿ ತೆಗೆಯೋಕೆ ನೂರಾರು ಕೆ.ಜಿ. ಒಣ ಎಲೆ ಬೇಕು. ಗಿಡದಲ್ಲಿ ಬೇರೆ ವಿಷದ ಅಂಶಗಳೂ ಇವೆ.

ಇನ್ನೊಂದು ಉದಾಹರಣೆ ಪಿರಾಕ್ಸಿಕ್ಯಾಮ್. ಇದು ಮನುಷ್ಯರ ಕೀಲುನೋವಿನ ಮಾತ್ರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇದನ್ನು ಮೂತ್ರಕೋಶದ ಕ್ಯಾನ್ಸರ್ ಇದ್ದ 34 ನಾಯಿಗಳಿಗೆ ಕೊಟ್ಟು, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. 6 ನಾಯಿಗಳಲ್ಲಿ ಗಡ್ಡೆ ಕುಗ್ಗಿತು ಅಥವಾ ಮಾಯವಾಯಿತು, 18ರಲ್ಲಿ ಬೆಳೆಯದೆ ನಿಂತಿತು. ಉಳಿದ 10 ನಾಯಿಗಳಿಗೆ ಉಪಯೋಗ ಆಗಲಿಲ್ಲ. ಎಷ್ಟಕ್ಕೆ ಫಲಿಸಿತು, ಎಷ್ಟಕ್ಕೆ ಇಲ್ಲ ಅಂತ ಲೆಕ್ಕ ಕೊಡೋದೇ ನಿಜವಾದ ಪ್ರಯೋಗ.

ಜಂತುಹುಳು ಮಾತ್ರೆಯ ಕಥೆ ಏನು?

ಫೆನ್‌ಬೆಂಡಜೋಲ್ ಹೆಸರು ನಿಮಗೆ ಗೊತ್ತಿರುತ್ತೆ, ಕುರಿ-ದನಗಳಿಗೆ ಕೊಡೋ ಔಷಧಿ. ಅಮೆರಿಕದ ಒಬ್ಬರು ಇದನ್ನು ತಿಂದು ತಮ್ಮ ಶ್ವಾಸಕೋಶದ ಕ್ಯಾನ್ಸರ್ ಹೋಯ್ತು ಅಂದರು, ಸುದ್ದಿ ಪ್ರಪಂಚವೆಲ್ಲ ಹರಡಿತು. ಆದರೆ ಅದೇ ಹೊತ್ತಿಗೆ ಅವರು ಹೊಸ ಕ್ಯಾನ್ಸರ್ ಔಷಧಿಯೊಂದರ ಆಸ್ಪತ್ರೆ ಪ್ರಯೋಗದಲ್ಲೂ ಇದ್ದರು. ಈ ಮಾತು ವಿಡಿಯೋಗಳಲ್ಲಿ ಇರಲ್ಲ.

ಸುದ್ದಿಗೆ ಒಂದು ಎಳೆ ಆಧಾರ ಇದೆ, ನಿಜ. ಜೀವಕೋಶ ಎರಡಾಗಿ ಒಡೆಯೋಕೆ ಒಳಗೆ ದಾರದಂಥ ಎಳೆಗಳು ಬೇಕು. ವಿನ್‌ಕ್ರಿಸ್ಟಿನ್ ಆ ಎಳೆ ಕಟ್ಟಿಕೊಳ್ಳದ ಹಾಗೆ ತಡೆಯುತ್ತೆ. ಫೆನ್‌ಬೆಂಡಜೋಲ್ ಹುಳುಗಳಲ್ಲಿ ಮಾಡೋದೂ ಇದೇ ಥರದ ಕೆಲಸ. ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳ ಮೇಲೂ ಪರಿಣಾಮ ಕಂಡಿದೆ. ಆದರೆ ಹೊಟ್ಟೆಗೆ ಕೊಟ್ಟಾಗ ಇದು ರಕ್ತಕ್ಕೆ ಸೇರೋದು ಕಮ್ಮಿ. ನಾಯಿಯ ಕ್ಯಾನ್ಸರ್ ಇದರಿಂದ ಗುಣವಾಗುತ್ತೆ ಅಂತ ತೋರಿಸಿದ ಸರಿಯಾದ ಪ್ರಯೋಗ ಇಲ್ಲ. ತುಂಬಾ ದಿನ ಕೊಟ್ಟಾಗ ನಾಯಿಯ ಮೂಳೆಮಜ್ಜೆಗೆ ಪೆಟ್ಟು ಬಿದ್ದದ್ದೂ ಇದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಸಮಯದ್ದು. ಆರು ವಾರದಲ್ಲಿ ವಾಸಿ ಆಗಬಹುದಾದ ಗಡ್ಡೆಯನ್ನು ಮಾತ್ರೆ ಕೊಡ್ತಾ ಮೂರು ತಿಂಗಳು ಬೆಳೆಸಿದರೆ, ರಕ್ತ ಹೋಗಿ ನಾಯಿ ಸೊರಗುತ್ತೆ. ಅಷ್ಟರಲ್ಲಿ ಊರಿನ ಇನ್ನಷ್ಟು ನಾಯಿಗಳಿಗೂ ಅಂಟುತ್ತೆ.

ನೀವು ಮಾಡಬೇಕಾದ್ದು

- ರಕ್ತ ಅಥವಾ ಗಡ್ಡೆ ಕಂಡ ವಾರದೊಳಗೆ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಫೋಟೋ ಕಳಿಸಿದರೆ ಸಾಲದು. ಗಡ್ಡೆಯಿಂದ ಮಾದರಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೇ ಟಿವಿಟಿ ಹೌದೋ ಅಲ್ಲವೋ ಖಚಿತವಾಗೋದು.
- ಹತ್ತಿರದಲ್ಲಿ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯ ಕಾಲೇಜುಗಳ ಆಸ್ಪತ್ರೆಯಲ್ಲಿ ವಿಚಾರಿಸಿ.
- ಇಂಜೆಕ್ಷನ್ ನೀವೇ ತಂದು ಚುಚ್ಚಿಸಬೇಡಿ. ಇದನ್ನು ರಕ್ತನಾಳಕ್ಕೇ ಕೊಡಬೇಕು. ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತೆ. ಡೋಸ್ ನಾಯಿಯ ತೂಕ, ಮೈಅಳತೆ ನೋಡಿ ವೈದ್ಯರೇ ಲೆಕ್ಕ ಹಾಕಬೇಕು.
- ಬಿಳಿ ರಕ್ತಕಣ ಕಮ್ಮಿಯಾಗಬಹುದು. ಚಿಕಿತ್ಸೆ ನಡುವೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ವಾಂತಿ, ಜ್ವರ, ಮೇವು ಬಿಟ್ಟರೆ ಕೂಡಲೇ ತಿಳಿಸಿ.
- ಇಂಜೆಕ್ಷನ್ ಆದ ಮೇಲೆ ಕೆಲವು ದಿನ ನಾಯಿಯ ಮೂತ್ರ, ಮಲ, ವಾಂತಿಯನ್ನು ಗ್ಲೌಸ್ ಹಾಕ್ಕೊಂಡೇ ತೆಗೀರಿ. ಗರ್ಭಿಣಿಯರು, ಮಕ್ಕಳು ದೂರ ಇರಲಿ.
- ಗಡ್ಡೆ ಚಿಕ್ಕದಾಯ್ತು ಅಂತ ನಡುವೆ ನಿಲ್ಲಿಸಬೇಡಿ. ಉಳಿದ ಚೂರು ಮತ್ತೆ ಬೆಳೆಯುತ್ತೆ.
- ಗುಣ ಆಗೋ ತನಕ ಕಟ್ಟಿಹಾಕಿ. ಆಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಕೂಡೋಕೆ ಊರು ಸುತ್ತೋದು ಕಮ್ಮಿ ಆದರೆ ಕಾಯಿಲೆ ಹರಡೋದೂ ಕಮ್ಮಿ.

ಮುಂದಿನ ಸಲ 'ಹಳೇ ಔಷಧಿಯಿಂದ ಕ್ಯಾನ್ಸರ್ ವಾಸಿ' ಅನ್ನೋ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಕ್ಯಾನ್ಸರ್‌ಗೆ? ಎಷ್ಟು ನಾಯಿಗಳಿಗೆ ಕೊಟ್ಟು ನೋಡಿದ್ದಾರೆ? ಎಷ್ಟಕ್ಕೆ ವಾಸಿ ಆಗಲಿಲ್ಲ? ಉತ್ತರ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ, ನಾಯಿಯನ್ನು ಗಾಡಿ ಹತ್ತಿಸಿ.