ಟವರಿಗೆ ಎಷ್ಟು ಬ್ಯಾಟರಿ ಬೇಕು?

ಕರೆಂಟು ಹೋದ ಊರಿನಿಂದಲೂ ಆಂಬುಲೆನ್ಸಿಗಾಗಿ 108ಕ್ಕೆ ಕರೆ ಹೋಗುತ್ತದೆ. ಮೊಬೈಲ್ ಟವರಿನ ಬುಡದಲ್ಲಿರುವ ಬ್ಯಾಟರಿಗಳೇ ಇದಕ್ಕೆ ಕಾರಣ. ಲಿಥಿಯಂ ಬ್ಯಾಟರಿಗಳು ಬಂದಿದ್ದರೂ, 2 ವೋಲ್ಟಿನ 24 ಸೀಸ-ಆಮ್ಲ ಕೋಶಗಳ ಸಾಲು ಇನ್ನೂ ಬಳಕೆಯಲ್ಲಿದೆ.

ಉಪಕರಣಗಳಿಗೆ ಬೇಕಾದ 48 ವೋಲ್ಟಿನ ಏಕಮುಖ ವಿದ್ಯುತ್ತನ್ನು ರೆಕ್ಟಿಫೈಯರುಗಳು ಒದಗಿಸುತ್ತವೆ. ಒಂದು ಟವರಿನ ಹೊರೆ 50 ಆಂಪೇರ್ ಎನ್ನೋಣ. ಬ್ಯಾಟರಿ ತುಂಬಲು ಇನ್ನು 50. ತಲಾ 25 ಆಂಪೇರಿನ ನಾಲ್ಕು ರೆಕ್ಟಿಫೈಯರುಗಳು ಸಾಕು. ಐದನೆಯದನ್ನೂ ಜೋಡಿಸಿದರೆ ಒಂದು ಕೆಟ್ಟರೂ ಕೆಲಸ ನಿಲ್ಲದು. ಕಾಲು ಪಾಲು ಹೆಚ್ಚು ಖರ್ಚಿಗೆ ಇದು ಒಳ್ಳೆಯ ವ್ಯಾಪಾರವೇ.

ಬ್ಯಾಟರಿಯ ಲೆಕ್ಕ ಅಷ್ಟು ಸುಲಭವಲ್ಲ. 50 ಆಂಪೇರಿನಂತೆ 8 ಗಂಟೆಗೆ 400 ಆಂಪೇರ್-ಗಂಟೆ ಬೇಕು. ಪೂರ್ತಿ ಬರಿದಾದರೆ ಕೋಶಗಳು ಬೇಗ ಸವೆಯುವುದರಿಂದ ಶೇಕಡ 80ರಷ್ಟನ್ನೇ ಬಳಸುವುದಾದರೆ 500 ಬೇಕಾಗುತ್ತದೆ. 16 ಗಂಟೆಗೆ 1000! ಅಷ್ಟು ದೀರ್ಘ ಕಡಿತ ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುವುದಾದರೆ, ವಾಹನದಲ್ಲಿ ಡೀಸೆಲ್ ಜನರೇಟರ್ ತಂದು ನಡೆಸುವುದೇ ಅಗ್ಗ.

ಇನ್ನು ಶಾಖ. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 10 ವರ್ಷ ಬಾಳುವ ಸೀಸ-ಆಮ್ಲ ಬ್ಯಾಟರಿ 35 ಡಿಗ್ರಿಯಲ್ಲಿ ಸುಮಾರು 5 ವರ್ಷವಷ್ಟೇ ಬಾಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಂಥ ಕಡೆ ನೆರಳು, ಗಾಳಿಯಾಟಗಳಿಗೆ ಮಾಡುವ ವೆಚ್ಚ ದಂಡವಲ್ಲ. ಮೋಸವೆಂದರೆ, ಸವೆದ ಬ್ಯಾಟರಿಯೂ ಚಾರ್ಜ್ ಆಗುತ್ತಿರುವಾಗ ಮೀಟರಿನಲ್ಲಿ 54 ವೋಲ್ಟನ್ನೇ ತೋರಿಸುತ್ತದೆ! ಆಗಾಗ್ಗೆ ನಿಜವಾದ ಹೊರೆ ಹಾಕಿ ಎಷ್ಟು ಹೊತ್ತು ತಡೆಯುತ್ತದೆಂದು ಅಳೆಯಬೇಕು. ಸಾಮರ್ಥ್ಯ ಶೇಕಡ 80ಕ್ಕಿಂತ ಇಳಿದಿದ್ದರೆ ಬದಲಿಸುವುದು ರೂಢಿ.