ಜಂತಿ ಎಷ್ಟು ಉದ್ದ ತಾಳೀತು?

ಮಂಗಳೂರಿನಲ್ಲಿ ಹಳೆಯ ಹೆಂಚಿನ ಮನೆ ಕೆಡವಿದರೂ ಅದರ ಮರ ಮೂಲೆ ಸೇರುವುದಿಲ್ಲ. ಉಪ್ಪರಿಗೆಯ ತೊಲೆ, ಜಂತಿ, ಮಾಡಿನ ಪಕ್ಕಾಸು ಎಲ್ಲಕ್ಕೂ ಗಿರಾಕಿಗಳಿದ್ದಾರೆ. ಅಂಗಳದಲ್ಲೋ ತಾರಸಿಯಲ್ಲೋ ಮರದ ಡೆಕ್ ಕಟ್ಟಿಸುವವರು ಅವರಲ್ಲೊಬ್ಬರು. ಮರ ಸಾಗುವಾನಿಯೋ ಕಿರುಬೋಗಿಯೋ ಎಂದು ಇವರು ಹತ್ತು ಸಲ ವಿಚಾರಿಸುತ್ತಾರೆ. ಆಧಾರದಿಂದ ಆಧಾರಕ್ಕೆ ಎಷ್ಟು ದೂರ ಎಂಬುದನ್ನು ಮಾತ್ರ ಜಾಗದ ಅಳತೆಗೆ ಬಿಟ್ಟುಬಿಡುತ್ತಾರೆ.

ಆದರೆ ಅಪಾಯ ಇರುವುದು ಆ ದೂರದಲ್ಲೇ. ಭಾರ ಸಮನಾಗಿ ಹರಡಿರುವಾಗ ಅಂತರ ಇಮ್ಮಡಿಯಾದರೆ ಮರದ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ, ಬಾಗು ಹದಿನಾರು ಪಟ್ಟು. ಅಂದರೆ ಮರ ಮುರಿಯುವುದಕ್ಕೆ ಬಹಳ ಮೊದಲೇ ಜೋತುಬೀಳುತ್ತದೆ.

ಮೂರು ಇಂಚು ಅಗಲ, ಆರು ಇಂಚು ಎತ್ತರದ ಸಾಗುವಾನಿ ಜಂತಿಗಳನ್ನು 40 ಸೆಂಟಿಮೀಟರಿಗೊಂದರಂತೆ ಇಟ್ಟಿದ್ದೇವೆ ಎನ್ನಿ. ಮನೆಯ ಬಾಲ್ಕನಿಗೆ ಚದರ ಮೀಟರಿಗೆ 300 ಕಿಲೋ ಭಾರ ಹಿಡಿಯುವುದು ವಾಡಿಕೆ. ಹಲಗೆ, ಜಂತಿಗಳ ಸ್ವಂತ ತೂಕಕ್ಕೆ ಇನ್ನೊಂದು 50 ಸೇರಿಸೋಣ. ಅಂತರ ಮೂರು ಮೀಟರ್ ಇದ್ದರೆ ನಡುವಿನ ಬಾಗು ಸುಮಾರು 7 ಮಿಲಿಮೀಟರ್, ಚಿಂತೆಯಿಲ್ಲ. ನಾಲ್ಕು ಮೀಟರ್ ಮಾಡಿ, ಅದು 23ಕ್ಕೇರುತ್ತದೆ. ಆಗಲೂ ಒಳ್ಳೆಯ ಮರ ಮುರಿಯುವುದಿಲ್ಲ. ಆದರೆ ಮರದ ರಚನೆಗಳಿಗಿರುವ ಭಾರತೀಯ ಮಾನಕ ಐಎಸ್ 883 ಒಪ್ಪುವ ಬಾಗು ಅಂತರದ 240ನೇ ಒಂದು ಪಾಲು. ಇಲ್ಲಿ ಅದು 17 ಮಿಲಿಮೀಟರ್ ಕೂಡ ಆಗದು. ಹೆಂಚಿನಂತೆ ಒಡೆಯುವ ವಸ್ತುವನ್ನು ಹೊತ್ತ ಮರಕ್ಕೆ ಮಿತಿ ಇನ್ನೂ ಬಿಗಿ: 360ನೇ ಒಂದು ಪಾಲು. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1860ರ ದಶಕದಲ್ಲಿ ತಯಾರಿಸತೊಡಗಿದ ಹೆಂಚು ಒಂದಕ್ಕೊಂದು ಕಚ್ಚಿ ಕೂರುವಂಥದ್ದು. ಕೆಳಗಿನ ಮರ ಜೋತರೆ ಆ ಕಚ್ಚು ಸಡಿಲಾಗಿ ಮಾಡು ಸೋರುತ್ತದೆ.

ನಾಲ್ಕು ಮೀಟರೇ ಬೇಕೆಂದರೆ? ಜಂತಿಯ ಎತ್ತರವನ್ನು ಎಂಟು ಇಂಚಿಗೆ ಏರಿಸಿ. ಮರ ಮೂರನೇ ಒಂದರಷ್ಟು ಹೆಚ್ಚು ಬೇಕು, ಬಾಗು ಮಾತ್ರ 10 ಮಿಲಿಮೀಟರಿಗೆ ಇಳಿಯುತ್ತದೆ. ಅಗಲ ಹೆಚ್ಚಿಸಿದರೆ ಈ ಲಾಭವಿಲ್ಲ. ಚೆಂದಕ್ಕೆಂದು ಜಂತಿಯನ್ನು ಮಗುಚಿ ಅಡ್ಡ ಮಲಗಿಸಿದರಂತೂ ಬಲ ಅರ್ಧ, ಬಿಗಿ ಕಾಲು ಪಾಲು. ನನ್ನನ್ನು ಕೇಳಿದರೆ ನಡುವೆ ಒಂದು ತೊಲೆ ಕೊಟ್ಟು ಅಂತರವನ್ನೇ ಮುರಿಯುವುದು ಜಾಣತನ.

ಈ ಲೆಕ್ಕವೆಲ್ಲ ಒಣಮರಕ್ಕೆ. ಉಪ್ಪರಿಗೆಯ ಜಂತಿ ಮಾಡಿನ ಕೆಳಗೆ ಬೆಚ್ಚಗಿತ್ತು. ಡೆಕ್ಕಿನ ಜಂತಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರುವ ಮಳೆಗೆ ಮೈಯೊಡ್ಡಬೇಕು. ನೀರು ಕುಡಿದ ಮರದ ಬಿಗಿ ತಗ್ಗುತ್ತದೆ, ಸದಾ ಭಾರ ಹೊತ್ತರೆ ಬಾಗು ವರ್ಷವರ್ಷವೂ ಬೆಳೆಯುತ್ತದೆ. ಹಾಗಾಗಿ ಬಯಲಿನಲ್ಲಿ ಮೂರಕ್ಕೆ ಆರು ಇಂಚಿನ ಜಂತಿಗೆ ಮೂರು ಮೀಟರ್ ಸಾಕು.

ಹಳೆಯ ಮರವಾದರೆ ಇನ್ನೊಂದು ನೋಟ ಬೇಕು. ಹಳೆಯ ಕಚ್ಚು, ತೂತುಗಳು ಜಂತಿಯ ನಟ್ಟನಡುವೆ ಕೆಳಮೈಗೆ ಬರಬಾರದು. ಮರ ಅತಿ ಹೆಚ್ಚು ಸೆಳೆತಕ್ಕೆ ಸಿಗುವುದು ಅಲ್ಲೇ. ಮುರಕಲ್ಲಿನ ಗೋಡೆಯೊಳಗೆ ಹುದುಗಿದ್ದ ತುದಿಗಳಿಗೆ ತೇವವೂ ಒರಲೆಯೂ ಮೊದಲು ತಾಗಿರುತ್ತವೆ. ಆಚಾರಿಯ ಉಳಿ ಅಲ್ಲಿ ಸಲೀಸಾಗಿ ಇಳಿದರೆ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಉಳಿದ ಉದ್ದ ನೋಡಿಕೊಂಡು ಕಂಬ ನೆಡಬೇಕು.