ಮೆಕ್ಕೆಜೋಳದ ಕೀಟಬಾಧೆ ಮತ್ತು ಉಳುಮೆಯ ಲೆಕ್ಕಾಚಾರ

ದಾವಣಗೆರೆ, ಹಾವೇರಿ, ಶಿವಮೊಗ್ಗ ಜಿಲ್ಲೆಗಳ ಮಾರುಕಟ್ಟೆ ಪ್ರಾಂಗಣಗಳಿಗೆ ಬರುವ ಮೆಕ್ಕೆಜೋಳವು ಕೋಳಿ ಆಹಾರ, ಪಿಷ್ಟ ಹಾಗೂ ಎಥೆನಾಲ್ ಘಟಕಗಳ ಮುಖ್ಯ ಕಚ್ಚಾವಸ್ತುವಾಗಿದೆ. ಇದರ ಆವಕವನ್ನು ನಿರ್ಧರಿಸುವುದು ಮಳೆಯೊಂದೇ ಅಲ್ಲ. ಹೊಲದ ಮಣ್ಣಿನಲ್ಲಿ ಅಡಗಿರುವ ಕೀಟಗಳೂ ಹೌದು.

ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗ ಭಾಗದ ಹೊಲಗಳಲ್ಲಿ. ಸುಳಿಯೊಳಗೆ ಸೇರಿ ಎಲೆ ತಿನ್ನುವ ಇದರ ಮರಿಹುಳು, ಬಲಿತ ನಂತರ ನೆಲಕ್ಕಿಳಿದು 2ರಿಂದ 8 ಸೆಂಟಿಮೀಟರ್ ಆಳದಲ್ಲಿ ಕೋಶಾವಸ್ಥೆಗೆ ಸೇರುತ್ತದೆ. ಆಳವಾದ ಮಾಗಿ ಉಳುಮೆಯಿಂದ ಈ ಕೋಶಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ; ಇಲ್ಲವೇ ಬೆಳ್ಳಕ್ಕಿ, ಕಾಗೆ, ಗೊರವಂಕಗಳಿಗೆ ಆಹಾರವಾಗುತ್ತವೆ. ಗೊಣ್ಣೆಹುಳುವಿಗೂ ಇದೇ ಗತಿ. ಕೂಳೆಯಲ್ಲಿ ಉಳಿದುಕೊಳ್ಳುವ ಕಾಂಡಕೊರಕ ಹುಳುವೂ ಕೂಳೆ ಕಿತ್ತು ನಾಶಪಡಿಸಿದಾಗ ಕಡಿಮೆಯಾಗುತ್ತದೆ.

ಆದರೆ ಉಳುಮೆಗೆ ಮಿತಿಯುಂಟು. ಸೈನಿಕ ಹುಳುವಿನ ಪತಂಗವು ಒಂದೇ ರಾತ್ರಿಯಲ್ಲಿ ಸುಮಾರು 100 ಕಿಲೋಮೀಟರ್ ಹಾರಬಲ್ಲದು. ಆದ್ದರಿಂದ ಒಬ್ಬ ರೈತ ಮಾತ್ರ ಉತ್ತರೆ ಸಾಲದು. ಊರಿನವರೆಲ್ಲ ಒಂದೇ ಅವಧಿಯಲ್ಲಿ ಉತ್ತು ಬಿತ್ತಿದಾಗ ಫಲ ಹೆಚ್ಚು.

ಇದಕ್ಕೆ ಇನ್ನೊಂದು ಮುಖವೂ ಇದೆ. ಪೂರ್ವ ಜಿಂಬಾಬ್ವೆಯ ಸಣ್ಣ ರೈತರ ಹೊಲಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವು ಈ ಹುಳುವಿನಿಂದಾದ ಇಳುವರಿ ನಷ್ಟವನ್ನು ಶೇಕಡಾ 12ರ ಆಸುಪಾಸು ಎಂದು ಅಂದಾಜಿಸಿತು. ಕನಿಷ್ಠ ಉಳುಮೆ ಮತ್ತು ಶೂನ್ಯ ಉಳುಮೆಯ ಹೊಲಗಳಲ್ಲಿ ಬಾಧೆ ಕಡಿಮೆಯಿದ್ದುದೂ ಅದರಲ್ಲಿ ಕಂಡುಬಂದಿತು. ಮಣ್ಣನ್ನು ಕದಡದಿದ್ದರೆ ಹುಳುಗಳನ್ನು ತಿನ್ನುವ ಇರುವೆ, ಜೇಡ, ನೆಲದ ಜೀರುಂಡೆಗಳು ಉಳಿಯುತ್ತವೆ; ತೇವಾಂಶವೂ ಉಳಿಯುತ್ತದೆ. ಆದರೆ ಹೊಲದಲ್ಲಿ ಬಿಟ್ಟ ಕೂಳೆ ಕಾಂಡಕೊರಕಕ್ಕೆ ಆಶ್ರಯವಾಗಬಹುದು. ಹೀಗಾಗಿ ಯಾವ ವಿಧಾನವೂ ಎಲ್ಲ ಕೀಟಗಳಿಗೆ ಮದ್ದಲ್ಲ. ಹೊಲದಲ್ಲಿ ಯಾವ ಕೀಟ ಪ್ರಬಲವೆಂಬುದನ್ನು ನೋಡಿ ವಿಧಾನವನ್ನು ಆರಿಸಬೇಕು.

ಕೃಷಿ ಉಪಕರಣ ತಯಾರಕರು ಇದನ್ನು ಗಮನಿಸುವುದು ಹಿತಕರ. ಆಳ ಉಳುಮೆಯ ನೇಗಿಲುಗಳಿಗೆ ಬೇಡಿಕೆ ಬರುವುದು ಮುಂಗಾರಿಗೆ ಮೊದಲಿನ ಕೆಲವೇ ವಾರಗಳಲ್ಲಿ. ಆಗ ಯಂತ್ರ ಸಿಗದಿದ್ದರೆ ರೈತನಿಗೆ ಹಂಗಾಮೇ ತಪ್ಪುತ್ತದೆ. ಕೂಳೆ ಪುಡಿ ಮಾಡುವ ಯಂತ್ರ ಹಾಗೂ ಶೂನ್ಯ ಉಳುಮೆಯ ಕೂರಿಗೆಗಳಿಗೂ ಅವಕಾಶವಿದೆ. ಮುಂಗಡ ಖರೀದಿಗೆ ಒಪ್ಪುವ ವರ್ತಕರು ಮಳೆಯ ವರದಿಯ ಜೊತೆಗೆ, ಆ ಭಾಗದಲ್ಲಿ ಉಳುಮೆ ಮತ್ತು ಬಿತ್ತನೆ ಏಕಕಾಲದಲ್ಲಿ ನಡೆದಿದೆಯೇ ಎಂಬುದನ್ನೂ ವಿಚಾರಿಸುವುದು ಜಾಣತನ.